ಗಂಟಕ್ಕ ಬಿಚ್ಚಿದ ಗಂಟು

“ಅತ್ತಿಗೆ, ಆ ಉರುಳೆ ಮುಂದೆ ನಿಂತಾಗ ಬರೋದು ನಿದ್ದೆ ಅಲ್ಲ. ನಿದ್ದೆ ಆದ್ರೆ ಗೊತ್ತಾಗುತ್ತೆ, ಆಕಳಿಕೆ ಬರುತ್ತೆ, ಹೋಗಿ ಮುಖ ತೊಳ್ಕೊಂಡು ಬರಬಹುದು. ಇದು ಬೇರೆ. ಒದ್ದೆ ಹಾಸು ಈ ಕಡೆಯಿಂದ ಹೋಗ್ತಾ ಇರುತ್ತೆ, ಆ ಕಡೆ ಬಿಸಿಬಿಸಿಯಾಗಿ ಬರ್ತಾ ಇರುತ್ತೆ. ಹಬೆ ಏಳ್ತಾ ಇರುತ್ತೆ. ಎಲ್ಲಿ ನೋಡಿದ್ರೂ ಬಿಳಿ. ಸ್ವಲ್ಪ ಹೊತ್ತಿಗೆ ನಾನು ಹಾಸು ಬಿಡ್ತಾ ಇದೀನೋ, ಹಾಸೇ ನನ್ನ ಕರ್ಕೊಂಡು ಹೋಗ್ತಾ ಇದೆಯೋ ತಿಳಿಯಲ್ಲ. ಚಿಕ್ಕವಳಿದ್ದಾಗ ಅಮ್ಮನ ಬೆರಳು ಹಿಡ್ಕೊಂಡು ನಡೀತಿದ್ನಲ್ಲ, ಹಾಗೆ. ಅವತ್ತೂ ಹಾಗೇ ಹೋದೆ. ಬೆರಳ ತುದಿ ಬೆಚ್ಚಗಾಯ್ತು, ಹಿತವಾಗೇ ಇತ್ತು. ಆಮೇಲೆ ಪಕ್ಕದಲ್ಲಿದ್ದ ಕನ್ನಡಕದವಳು ಕೂಗಿದ್ದು ಕೇಳಿಸ್ತು, ಎಲ್ಲೋ ದೂರದಿಂದ. ಅವಳು ಕೆಂಪು ಗುಂಡಿ ಒತ್ತಿದ್ಲು. ಒತ್ತದೇ ಇದ್ದಿದ್ರೆ ಈ ಲೋಟ ಎಡಗೈಲಿ ಇಸ್ಕೋಬೇಕಿತ್ತು ನಾನು. ಮನೇಲಿ ಕುಕ್ಕರ್ ಹಬೆ ಹೊಡೀತು ಅಂದೆ. ಏಳು ವರ್ಷ ಆಯ್ತು. ನಿಮಗೂ ಅದನ್ನೇ ಹೇಳಿದ್ದೆ.”

ನನ್ನ ಗಂಡನ ತಂಗಿ ಹೀಗೆ ಹೇಳಿದ್ದು ಒಂದು ಭಾನುವಾರ ಮಧ್ಯಾಹ್ನ, ನಮ್ಮ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು. ಅವಳ ಮನೆ ನಮ್ಮ ಮೇಲಿನ ಮಹಡಿಯಲ್ಲೇ ಇದೆ. ಚಹಾ ಆರುವವರೆಗೂ ಅವಳು ಬಲಗೈಯ ಮೂರು ಬೆರಳನ್ನು ನೋಡುತ್ತಿದ್ದಳು. ಬೆರಳ ಮೇಲೆ ಅಡ್ಡಕ್ಕೆ, ಹಾಲಿನ ಕೆನೆಯಂತೆ ನುಣುಪಾದ ಒಂದು ಗೆರೆ. ಅಷ್ಟು ವರ್ಷ ದಿನಾ ನೋಡಿದ್ದರೂ ನಾನು ಕುಕ್ಕರನ್ನೇ ಬೈದುಕೊಂಡಿದ್ದೆ.

ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಹತ್ತೊಂಬತ್ತು ವರ್ಷದ ಕೆಲಸ. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಗಂಟಕ್ಕ ಎಂದರೆ ಮುಗಿಯಿತು. ಹಾಸುಗಳ ಮೂಟೆ ಕಟ್ಟುವುದಿದ್ದರೂ ಅವಳೇ, ಯಾರ ಚಪ್ಪಲಿಯ ಪಟ್ಟಿ ಕಿತ್ತರೂ ಅವಳೇ. ಅವಳು ಹಾಕಿದ ಗಂಟನ್ನು ಬಿಚ್ಚಲು ಅವಳೇ ಬರಬೇಕು.

ಇಸ್ತ್ರಿ ಮಾಡುವ ಉರುಳೆ ಅಲ್ಲಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗಿದೆ, ಮರದ ಕಾಂಡದಷ್ಟು ದಪ್ಪ. ಒಳಗೆ ಹಬೆ ಕಾಯುತ್ತದೆ. ಇಬ್ಬರು ಹೆಂಗಸರು ಹಾಸಿನ ಎರಡು ತುದಿ ಹಿಡಿದು ಬಿಡುತ್ತಾರೆ, ಆಚೆ ಬದಿಯಲ್ಲಿ ಇನ್ನಿಬ್ಬರು ಮಡಿಸಿಕೊಳ್ಳುತ್ತಾರೆ. ಉರುಳೆಯ ಮುಂದೆ ಬೆರಳಷ್ಟು ಅಗಲದ ಒಂದು ಕಬ್ಬಿಣದ ಪಟ್ಟಿ. ಬಟ್ಟೆ ಅದರ ಅಡಿಯಲ್ಲಿ ನುಸುಳುತ್ತದೆ. ಬಟ್ಟೆಯ ಜೊತೆ ಕೈ ಹೋದರೆ ಪಟ್ಟಿ ಮೇಲಕ್ಕೇಳುತ್ತದೆ, ಉರುಳೆ ನಿಲ್ಲುತ್ತದೆ. ಕೈ ಉಳಿಸುವುದೊಂದೇ ಅದರ ಕೆಲಸ.

ಹನ್ನೆರಡು ವರ್ಷದ ಹಿಂದೆ ಒಂದು ಹೊಸ ಹೋಟೆಲಿನಿಂದ ದಪ್ಪ ಅಂಚಿನ ಹಾಸುಗಳು ಬರತೊಡಗಿದವು. ಆ ಅಂಚು ಹೋದಾಗಲೆಲ್ಲ ಪಟ್ಟಿ ಎದ್ದು ಉರುಳೆ ನಿಲ್ಲುತ್ತಿತ್ತು. ನಿಂತ ಕಡೆ ಬಟ್ಟೆ ಕಂದುತ್ತಿತ್ತು, ಮೇಲ್ವಿಚಾರಕ ಮುಖ ಗಂಟಿಕ್ಕುತ್ತಿದ್ದ. ಆಗ ಹೆಂಗಸರೇ ಒಂದು ಉಪಾಯ ಕಂಡುಕೊಂಡರು. ಹರಿದ ಹಾಸಿನ ಅಂಚನ್ನು ಸೀಳಿ, ಮೂರೆಳೆ ಜಡೆ ಹೆಣೆದು, ಪಟ್ಟಿ ಏಳದಂತೆ ಕೆಳಗಿನ ಕಂಬಿಗೆ ಬಿಗಿದು ಕಟ್ಟಿದರು. ಕಟ್ಟಿದವಳು ನನ್ನ ನಾದಿನಿ. ತನ್ನ ಕೈ ಸುಟ್ಟ ಮಾರನೆಯ ದಿನವೂ, ಉಳಿದ ಬೆರಳಿನಲ್ಲಿ ಅದನ್ನೇ ಮತ್ತೆ ಬಿಗಿದಿದ್ದಳು.

ಇಷ್ಟನ್ನೆಲ್ಲ ಆ ಭಾನುವಾರವೇ ಹೇಳಲು ಕಾರಣವಿತ್ತು. ಕನ್ನಡಕದವಳು ಕೆಲಸ ಬಿಟ್ಟು ಮಗಳ ಊರಿಗೆ ಹೋಗಿದ್ದಳು. ಅವಳ ಜಾಗಕ್ಕೆ ಮೇಲ್ವಿಚಾರಕ ಗಂಟಕ್ಕನ ಸೊಸೆಯನ್ನೇ ಕೇಳಿದ್ದ. ಸೊಸೆ ಮನೆಯಲ್ಲೇ ಅಂಗಿಗಳಿಗೆ ಗುಂಡಿ, ಕಾಜಾ ಹೊಲಿಯುವವಳು. ಅವಳ ಬೆರಳು ಸಣ್ಣಗೆ, ಚುರುಕಾಗಿವೆ. ಹುಡುಗಿ ಹಿಗ್ಗಿ ಹೀರೇಕಾಯಿಯಾಗಿದ್ದಳು. ಅತ್ತೆ ಮಾತ್ರ ನಾಲ್ಕು ದಿನದಿಂದ ಬೇಡ ಬೇಡ ಎನ್ನುತ್ತಿದ್ದಳು, ಯಾಕೆಂದು ಬಾಯಿ ಬಿಡುತ್ತಿರಲಿಲ್ಲ.

“ನಿಮ್ಮಮ್ಮಂಗೆ ನಾನು ನಾಲ್ಕು ಜನರ ಮುಂದೆ ನಿಲ್ಲೋದು ಇಷ್ಟ ಇಲ್ಲ,” ಎಂದು ಸೊಸೆ ಗಂಡನಿಗೆ ಹೇಳಿದ್ದು ಮಹಡಿಯಿಂದ ನನ್ನ ಕಿವಿಗೂ ಬಿದ್ದಿತ್ತು.

“ನಾಳೆ ಬೆಳಿಗ್ಗೆ ಅವಳು ನನ್ನ ಗಂಟಿನ ಪಕ್ಕ ನಿಲ್ತಾಳೆ ಅತ್ತಿಗೆ,” ಎಂದಳು ನಾದಿನಿ. “ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ನನ್ನ ಜೊತೆ ಇನ್ನು ಮೂರು ಜನರದ್ದೂ ಹೋಗಬಹುದು.”

ನಾನು ಶಾಲೆಗೆ ಹೋದವಳಲ್ಲ, ಯಂತ್ರದ ಮಾತು ನನಗೇನು ಗೊತ್ತು. “ಆ ಗಂಟು ಬಿಚ್ಚೋದಕ್ಕೆ ಎಷ್ಟು ಹೊತ್ತು ಬೇಕು?” ಎಂದು ಮಾತ್ರ ಕೇಳಿದೆ.

ಅವಳು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು.

ಸೋಮವಾರ ನಡೆದದ್ದನ್ನು ನಾನು ನಾದಿನಿಯಿಂದ ಒಮ್ಮೆ, ಸೊಸೆಯಿಂದ ಒಮ್ಮೆ ಕೇಳಿದ್ದೇನೆ. ಎರಡೂ ಹೆಚ್ಚುಕಡಿಮೆ ಒಂದೇ. ಉರುಳೆ ಇನ್ನೂ ಕಾಯುವ ಮುಂಚೆ ಗಂಟಕ್ಕ ಮೊಣಕಾಲೂರಿ ಕೂತು ಜಡೆ ಬಿಚ್ಚಿದಳಂತೆ. ಹಬೆ ಕುಡಿದು ಕುಡಿದು ಅದು ಹುರಿಯಂತಾಗಿತ್ತು. ಬಿಚ್ಚಿ, ಸುತ್ತಿ, ಅಂಗೈಯಲ್ಲಿಟ್ಟುಕೊಂಡು ಮ್ಯಾನೇಜರ ಕೋಣೆಗೆ ಹೋದಳು. ಅಲ್ಲಿ ಗೋಡೆಯ ಮೇಲೆ ಸುರಕ್ಷತೆಯ ನಿಯಮಗಳ ದೊಡ್ಡ ಫಲಕವಿತ್ತು. ಅದರ ಮೊಳೆಗೆ ಯಾರದೋ ಟವೆಲ್ ಒಣಗುತ್ತಿತ್ತು.

“ಏನಿದು?”

“ಉರುಳೆ ಪಟ್ಟಿಗೆ ಕಟ್ಟಿದ್ದು ಸಾರ್. ಹನ್ನೆರಡು ವರ್ಷದಿಂದ.”

“ಯಾರು ಕಟ್ಟಿದ್ದು?”

“ನಾನು. ನಾನೊಬ್ಬಳೇ ಅಂತ ಬರ್ಕೊಳ್ಳಿ.” ಆಮೇಲೆ ಬಲಗೈ ಬಿಡಿಸಿ ಮೇಜಿನ ಮೇಲಿಟ್ಟು, “ಇದೂ ಅದರಿಂದಲೇ. ಕುಕ್ಕರಿಂದ ಅಲ್ಲ,” ಎಂದಳು.

ಮ್ಯಾನೇಜರು ಆ ಗೆರೆಯನ್ನು ನೋಡಿ ಜಡೆಯತ್ತ ಕೈ ತೋರಿದರಂತೆ. “ಈ ಜಡೆ ನಾನೂ ನೋಡಿದ್ದೆ ಕಣಮ್ಮ,” ಎಂದರು. “ಏನು ಅಂತ ಕೇಳಿದ್ರೆ ಉರುಳೆ ನಿಲ್ಲಿಸಬೇಕಾಗುತ್ತೆ. ಅದಕ್ಕೇ ಕೇಳಲಿಲ್ಲ. ತಪ್ಪು ನಂದು ದೊಡ್ಡದು.”

ಎದ್ದು ಮೊದಲು ಆ ಟವೆಲ್ ತೆಗೆದರು. ಆಮೇಲೆ ಮೆಕ್ಯಾನಿಕನನ್ನು ಕರೆಸಿದರು.

ಮೆಕ್ಯಾನಿಕ ಅಂಗಾತ ಮಲಗಿ ಟಾರ್ಚು ಬಿಟ್ಟು ನೋಡಿದ, ಆಮೇಲೆ ಬಿಚ್ಚಿಟ್ಟ ಜಡೆಯನ್ನು ಕೈಗೆ ತೆಗೆದುಕೊಂಡ. “ನಾನಿದನ್ನ ಒರೆಸೋ ಬಟ್ಟೆ ಅಂದ್ಕೊಂಡಿದ್ದೆ.”

“ಒರೆಸೋ ಬಟ್ಟೆಗೆ ಯಾರಾದ್ರೂ ಜಡೆ ಹಾಕ್ತಾರಾ?” ಎಂದಳು ಮಡಿಸುವವರಲ್ಲೊಬ್ಬಳು.

“ನಿಮ್ಮ ಕೈಲಿ ಏನು ಬೇಕಾದ್ರೂ ಆಗುತ್ತೆ ತಾಯಿ. ಪಟ್ಟಿ ಏಳ್ತಾ ಇದೆ, ಸ್ವಲ್ಪ ಎತ್ತರ ಮಾಡಪ್ಪ ಅಂತ ಒಂದು ಮಾತು ಹೇಳಬಾರದಿತ್ತಾ?”

ಹೇಳಿದರೆ ಕಟ್ಟಿದ್ದು ಗೊತ್ತಾಗುತ್ತದೆ ಎಂದು ಹನ್ನೆರಡು ವರ್ಷ ಯಾರೂ ಹೇಳಿರಲಿಲ್ಲ. ಅವನು ಎರಡೂ ತುದಿಗೆ ತೆಳ್ಳನೆಯ ಕಬ್ಬಿಣದ ಬಿಲ್ಲೆ ಕೊಟ್ಟು ಪಟ್ಟಿಯನ್ನು ಉಗುರಿನಷ್ಟು ಎತ್ತರಿಸಿದ. ದಪ್ಪ ಅಂಚು ಸರಾಗವಾಗಿ ನುಸುಳಿತು. “ಈಗ ಯಾರಾದ್ರೂ ಬೆರಳು ಕೊಡಿ,” ಎಂದಾಗ ಎಲ್ಲರೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಗಂಟಕ್ಕ ತನ್ನ ಊಟದ ಡಬ್ಬಿಯಿಂದ ಒಂದು ಸಣ್ಣ ಕ್ಯಾರೆಟ್ ತಂದು ಕೊಟ್ಟಳು. ಕ್ಯಾರೆಟ್ ತುದಿ ತಗುಲುತ್ತಲೇ ಪಟ್ಟಿ ಎದ್ದಿತು, ಉರುಳೆ ನಿಂತಿತು. ಹತ್ತು ಸಲ ಮಾಡಿದರು, ಹತ್ತು ಸಲವೂ ನಿಂತಿತು. ಆಮೇಲೆ ಆ ಕ್ಯಾರೆಟ್ಟನ್ನು ಮೆಕ್ಯಾನಿಕನೇ ತಿಂದ.

ಯಾರ ಕೆಲಸವೂ ಹೋಗಲಿಲ್ಲ. ಇನ್ನು ಮೇಲೆ ದಿನಾ ಬೆಳಿಗ್ಗೆ ಪಟ್ಟಿಯನ್ನು ಪರೀಕ್ಷಿಸಿಯೇ ಉರುಳೆ ಓಡಿಸಬೇಕೆಂದಾಯಿತು. ಅರ್ಧ ಗಂಟೆಗೊಮ್ಮೆ ಹಾಸು ಬಿಡುವವರು ಮಡಿಸುವ ಬದಿಗೆ, ಮಡಿಸುವವರು ಬಿಡುವ ಬದಿಗೆ. ಆ ಬಿಳಿಯಲ್ಲಿ ತೇಲಿಹೋಗುವ ಮಾತನ್ನೂ ನಾದಿನಿ ಹೇಳಿದ್ದಳಂತೆ. ಕೇಳಿದ ಹೆಂಗಸರೆಲ್ಲ ನಂಗೂ ಹಾಗೇ, ನಂಗೂ ಹಾಗೇ ಎಂದರಂತೆ.

ಮೂರು ದಿನ ಮಡಿಸುವುದನ್ನು ಕಲಿತು, ಸೊಸೆ ಉರುಳೆಯ ಮುಂದೆ ನಿಂತದ್ದು ಗುರುವಾರ. ಆಗ ಅತ್ತೆ ಮಡಿಸುವ ಬದಿಯಲ್ಲಿದ್ದಳು. ನಡುವೆ ಹಬೆ, ಆಚೆ ಇರುವವರ ಮುಖ ಕಾಣದು. ಹಾಸುಗಳು ಒಂದರ ಹಿಂದೊಂದು ಬರುತ್ತಿದ್ದವು, ಹಿಡಿದರೆ ಮಗುವಿನ ಕೆನ್ನೆಯಂತೆ ಬಿಸಿ. ಊಟದ ಹೊತ್ತು ಹತ್ತಿರವಾಗಿತ್ತು. ಒಂದು ಹಾಸು ಅರ್ಧ ಬಂದು, ಅಲ್ಲೇ ನಿಂತಿತು.

“ಉರುಳೆ ನಿಂತೇಬಿಡ್ತು ಅತ್ತಿಗೆ,” ಎಂದಳು ನಾದಿನಿ ನನಗೆ. “ಹಾಸಿನ ಈ ತುದಿ ನನ್ನ ಕೈಲಿ, ಆ ತುದಿ ಅವಳ ಕೈಲಿ. ಎಳೆಯೋ ಹಾಗಿಲ್ಲ, ಬಿಡೋ ಹಾಗಿಲ್ಲ.”

ಹಬೆಯ ಆಚೆಯಿಂದ ನಾಚಿದ ದನಿ ಕೇಳಿಸಿತು. “ಅತ್ತೆ, ನಂದೇ ಬೆರಳು. ಎಲ್ಲೋ ನೋಡ್ತಾ ಇದ್ದೆ.”

“ಹತ್ತೂ ಇದೆಯಾ?”

“ಇದೆ ಅತ್ತೆ. ಎಣಿಸಿದೆ.”

ಅವತ್ತು ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಬಂದರು. ನಾನು ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ನನ್ನ ಹಳೆಯ ನೀಲಿ ಹಾಸು ಗಾಳಿಗೆ ತುಂಬಿಕೊಂಡು ಎತ್ತಲೋ ಹೊರಟಂತಿತ್ತು. ನಾದಿನಿ ಅದನ್ನು ಹಗ್ಗದಿಂದ ಇಳಿಸಿ, ಎರಡು ಮೂಲೆ ತಾನು ಹಿಡಿದು, ಇನ್ನೆರಡನ್ನು ಸೊಸೆಯ ಕಡೆ ಎಸೆದಳು. “ದಿನವಿಡೀ ಇದೇ ಮಾಡಿದ್ದು ಸಾಲದಾ ಅತ್ತೆ?” ಎಂದಳು ಸೊಸೆ. “ಹಿಡಿ ಹಿಡಿ, ಕತ್ತಲಾಗುತ್ತೆ,” ಎಂದಳು ಇವಳು. ಇಬ್ಬರೂ ಹಾಸನ್ನು ಒಮ್ಮೆ ಕೊಡವಿ, ಉದ್ದಕ್ಕೆ ಮಡಿಸಿ, ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಿದರು. ನಾನು ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕಿದೆ. ಅಷ್ಟರಲ್ಲಿ ಅವರು ದಿಂಬಿನ ಚೀಲಗಳನ್ನು ಶುರುಮಾಡಿದ್ದರು.