ಆರು ತೂತಿನ ರಬ್ಬರು

ನನ್ನ ಪಾದ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆಲ್ಲ ಬೇರೆ ಕಾರಣ ನನಗೇ ಹೊಳೆದಿಲ್ಲ. ಊರೂರಿಗೆ ಚಪ್ಪಲಿ ಕಳಿಸುವ ಕೊಲ್ಲಾಪುರದಲ್ಲೂ ನನ್ನ ಅಳತೆಯ ಹೆಂಗಸರ ಚಪ್ಪಲಿ ಸಿಗುವುದಿಲ್ಲ. ಅಂಗಡಿಯವನು ನನ್ನ ಕಾಲು ನೋಡಿ, ಮುಖ ನೋಡಿ, ಮತ್ತೆ ಕಾಲು ನೋಡಿ, "ಅಷ್ಟು ದೊಡ್ಡದು ಯಾರು ತಗೋತಾರ್ರಿ ಅಕ್ಕಾರ?" ಎನ್ನುತ್ತಾನೆ. ತಗೊಳ್ಳಲೆಂದೇ ಎದುರಿಗೆ ನಿಂತ ನಾನು ಅವನ ಲೆಕ್ಕಕ್ಕೇ ಬರುವುದಿಲ್ಲ. ಕಡೆಗೆ ಗಂಡಸರ ಜೋಡೊಂದನ್ನು ಮೆಟ್ಟಿಕೊಂಡು ಬರುತ್ತೇನೆ.

ನಮ್ಮ ಮನೆಯ ಗಾಡಿಯ ಹಣೆಬರಹವೂ ಇದೇ ಆಗಿತ್ತು. ನಮ್ಮವರು ಜತ್ತಿನಲ್ಲಿ ಡಾಕ್ಟರು. ದವಾಖಾನೆ ಊರಲ್ಲಿದ್ದರೂ ಅರ್ಧ ರೋಗಿಗಳು ಸೋನ್ಯಾಳ, ಬೆಳುಂಕಿಯ ಕಡೆಯವರು. ಆಗ ಅಲ್ಲಿಗೆ ರಸ್ತೆ ಎಂದರೆ ಬರೀ ಕಲ್ಲು, ನಡುನಡುವೆ ಹಳ್ಳ. ಅದಕ್ಕೆಂದೇ ಅರವತ್ತರ ದಶಕದ ಕೊನೆಯಲ್ಲಿ ಇವರು ಪುಣೆಗೆ ಹೋಗಿ ಮಿಲಿಟರಿ ಲಿಲಾವಿನಲ್ಲಿ ಸವಾಲು ಕೂಗಿ ಒಂದು ಗಾಡಿ ಹಿಡಿದು ತಂದರು. ಊರೆಲ್ಲ ಅದನ್ನು ಜೀಪು ಎಂದಿತು. ಅದು ಜೀಪಲ್ಲ. ಹಾಗಾದರೆ ಏನು ಎಂದು ಕೇಳಿದರೆ ಇವರು ಒಂದು ವಿಲಾಯತಿ ಹೆಸರು ಹೇಳುತ್ತಿದ್ದರು, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ. ನಾಲ್ಕೂ ಗಾಲಿ ಎಳೆಯುವ ಗಟ್ಟಿ ಜೀವ. ತಕರಾರು ಒಂದೇ: ಎಂಜಿನ್ನಿನ ಬಲವನ್ನು ಗಾಲಿಗೆ ಒಯ್ಯುವ ದಂಡದ ನಡುವೆ ಒಂದು ದುಂಡನೆಯ ದಪ್ಪ ರಬ್ಬರು, ಬೋಲ್ಟು ಕೂರಲು ಅದಕ್ಕೆ ಆರು ತೂತು. ನಮ್ಮ ಕಲ್ಲುದಾರಿಗೆ ಅದು ಹರಿಯುತ್ತಿತ್ತು. ಜೀಪಿನ ಸಾಮಾನು ಮಿರಜಿನಲ್ಲಿ ಬೇಕಾದಷ್ಟು. ನಮ್ಮದನ್ನು ತೋರಿಸಿದರೆ, "ಇದು ಯಾ ಗಾಡೀದ್ರಿ?" ಎಂಬ ಪ್ರಶ್ನೆಯೊಂದು ಪುಕ್ಕಟೆ ಸಿಗುತ್ತಿತ್ತು.

ಮಿರಜು ಎಂದ ಕೂಡಲೇ ನನ್ನ ಕಥೆ ಹೇಳಬೇಕು. ಅಲ್ಲಿ ಮನೆಯೊಳಗೇ ನಳದ ನೀರು. ಅಲ್ಲಿನ ದೊಡ್ಡ ದವಾಖಾನೆಯೊಂದರಲ್ಲಿ ಇವರಿಗೆ ಜಾಗ ಕೊಡಿಸಲು ಗೆಳೆಯರೊಬ್ಬರು ತಯಾರಿದ್ದರು. ನನ್ನ ಕಾಟ ತಾಳಲಾರದೆ ಇವರು, "ಗಾಡಿ ಖಾಯಂ ನಿಂತ ದಿನಾ ಮಿರಜಿಗೆ ಹೋಗೂಣು, ಆತಿಲ್ಲೋ?" ಎಂದು ಮಾತು ಕೊಟ್ಟಿದ್ದರು. ಅಂದರೆ ನನ್ನ ಸುಖವೆಲ್ಲ ಆ ರಬ್ಬರು ಹರಿಯುವುದರಲ್ಲಿತ್ತು. ಹರಿಯಲಿ ಎಂದು ನಾನು ಹರಕೆ ಹೊತ್ತವಳಲ್ಲ. ಹರಿಯದಿರಲಿ ಎಂದು ಕೈ ಮುಗಿದವಳೂ ಅಲ್ಲ.

ಹರಿಯಿತು. ಕೊಲ್ಲಾಪುರದಲ್ಲಿ ರಬ್ಬರಿನ ಸಾಮಾನು ಮಾಡುವ ಶೇಟಜಿಯೊಬ್ಬರಿದ್ದಾರೆಂದು ಕೇಳಿ ಇವರು ಹೊರಟರು. ಚಪ್ಪಲಿಯ ನೆಪದಲ್ಲಿ ನಾನೂ ಹೊರಟೆ. ಶೇಟಜಿಯ ತಾಯಿ ನಿಪ್ಪಾಣಿ ಕಡೆಯವರಂತೆ, ಕನ್ನಡ ಚೆನ್ನಾಗಿ ಬರುತ್ತಿತ್ತು. ಹರಿದ ರಬ್ಬರನ್ನು ತಿರುಗಿಸಿ ನೋಡಿ, "ಡಾಕ್ಟರಸಾಹೇಬ್ರ, ಒಂದು ಮಾಡಿದ್ರೂ ಅಚ್ಚು ಬೇಕು, ಸಾವಿರ ಮಾಡಿದ್ರೂ ಅದ ಅಚ್ಚು. ಇಂಥಾ ಗಾಡಿ ಇನ್ನೆಷ್ಟದಾವು?" ಎಂದರು.

ಸುಳ್ಳು ಹೇಳಲು ಬಾರದ ನಮ್ಮವರು, "ಅಥಣಿ ಕಡೆ ಇನ್ನೊಂದೈತಿ ಅಂತಾರ್ರಿ. ನಾ ನೋಡಿಲ್ಲ" ಎಂದರು.

"ಒಂದ ಇದ್ದಿದ್ರ ಪುಣ್ಯಾ ಅಂತ ಮಾಡಿಕೊಡ್ತಿದ್ದೆ. ಎರಡಂದ್ರ ಧಂದೆ ಆತು. ಧಂದೆ ಅಂದಮ್ಯಾಲ ಸಾವಿರ ಬೇಕು."

ಈ ಲೆಕ್ಕ ನನಗೆ ಇವತ್ತಿಗೂ ತಿಳಿದಿಲ್ಲ. ತಪ್ಪು ಎಲ್ಲಿದೆ ಎಂದು ತೋರಿಸೆಂದರೆ ಅದೂ ಆಗದು. ನೀವೇ ನೋಡಿ, ಶಾಲೆಯಲ್ಲಿ ನನಗೆ ಙ ಅಕ್ಷರವನ್ನು ಬೆರಳು ನೋಯುವಂತೆ ತಿದ್ದಿಸಿದರು. ಆಮೇಲೆ ಅದನ್ನು ಬರೆಯುವ ಪ್ರಸಂಗ ಬರಲೇ ಇಲ್ಲ. ಆದರೂ ವರ್ಣಮಾಲೆ ಅದನ್ನು ಹೊರಗೆ ಹಾಕಿಲ್ಲ, ಮುದ್ರಣಾಲಯದವರೂ ಅದರ ಅಚ್ಚಿನ ಮೊಳೆ ಇಟ್ಟುಕೊಂಡಿರುತ್ತಾರೆ. ಗಿರಾಕಿ ಇಲ್ಲದ ಅಕ್ಷರವನ್ನು ಇಷ್ಟು ಶತಮಾನ ಸಾಕಿದ ವೈಯಾಕರಣರ ಧಾರಾಳತನ ರಬ್ಬರಿನವರಿಗೆ ಯಾಕಿಲ್ಲ?

ಶೇಟಜಿ ಅಷ್ಟಕ್ಕೇ ಬಿಟ್ಟಿದ್ದರೆ ನಾನು ಆ ತಿಂಗಳೇ ಮಿರಜು ಸೇರುತ್ತಿದ್ದೆ. ಅವರು ನಕ್ಕು, "ಇಂಥಾ ಗಾಡಿ ಯಾರು ಇಟ್ಕೋತಾರ್ರಿ?" ಎಂದುಬಿಟ್ಟರು. ನನ್ನ ಅಂಗಾಲಿನ ಸಿಟ್ಟು ನೆತ್ತಿಗೇರಿತು.

"ನಾವು ಇಟ್ಕೊಂಡೀವಲ್ರಿ! ಎದುರಿಗೆ ನಿಂತವ್ರು ಕಣ್ಣಿಗೆ ಕಾಣೂದಿಲ್ಲೇನು?" ಎಂದೆ. ಡಫಳಾಪುರದ ನಮ್ಮ ಮೈದುನನ ಬಾವಿ ನೆನಪಾಯಿತು. ಅಲ್ಲಿ ಎಂಜಿನ್ನಿಗೂ ಪಂಪಿಗೂ ನಡುವೆ ಇಂಥದೇ ರಬ್ಬರೊಂದು ಇತ್ತು. ಅದು ಸವೆದಾಗ ಹಳೆಯ ಟಾಯರು ಕೊಯ್ದು ಹಾಕಿ ಒದ್ದಾಡುತ್ತಿದ್ದರು. "ಬಾವಿ ಎಂಜಿನ್ನಿಗೂ ಇದ ನಡೀತೈತ್ರಿ. ಗಾಡಿ ಎರಡ ಇರಲಿ, ಬಾವಿ ಎಷ್ಟದಾವ ಎಣಸ್ರಿ!"

ನಡೆಯುತ್ತದೆಯೋ ಇಲ್ಲವೋ ದೇವರೇ ಬಲ್ಲ. ಶೇಟಜಿ ಮಾತ್ರ ನಗು ನಿಲ್ಲಿಸಿ, "ಕುಂದ್ರಿ ವೈನಿ" ಎಂದು ಚಹಾ ಹೇಳಿದರು. ನನ್ನ ನಾಡಿ ಹಿಡಿದು ನೋಡಬೇಕೆನ್ನುವ ಹಾಗೆ ನಮ್ಮವರು ನನ್ನನ್ನೇ ನೋಡುತ್ತಿದ್ದರು. ನನ್ನ ಮಿರಜಿಗೆ ನಾನೇ ಯಾಕೆ ಕಲ್ಲು ಹಾಕಿಕೊಂಡೆ ಎಂದು ಹಿಂದಿರುಗುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಜತ್ತು ಬಂತು, ಉತ್ತರ ಬರಲಿಲ್ಲ.

ರಬ್ಬರು ತಯಾರಾಯಿತು. ಗಾಡಿಗೂ ಕೂತಿತು, ಬಾವಿಗೂ ಕೂತಿತು. ಬಾವಿಯವರು ಕೊಂಡಿದ್ದೇ ಕೊಂಡಿದ್ದು. ಇವರು ಮತ್ತೆ ಬೆಳುಂಕಿಗೆ ಧೂಳೆಬ್ಬಿಸಿಕೊಂಡು ಹೋಗತೊಡಗಿದರು. ಎರಡು ಮಳೆಗಾಲ ಕಳೆದ ಮೇಲೆ ಪುನಃ ಹರಿಯಿತು. ಹೋಗಲಿ ಬಿಡು, ಈಗ ಸಿಗುತ್ತದಲ್ಲ ಎಂದು ತರಿಸಿದರೆ, ಬಂದದ್ದಕ್ಕೆ ನಾಲ್ಕೇ ತೂತು! ಶೇಟಜಿ ಹೇಳಿ ಕಳಿಸಿದ್ದರು: "ಪಂಪಿನವ್ರಿಗೆ ನಾಕು ತೂತಿಂದ ಚಲೋ ಆಗತೈತಂತ, ಅಚ್ಚು ಬದಲಿ ಮಾಡೀನಿ. ಆರು ತೂತಿಂದು ಈಗ ಯಾರು ತಗೋತಾರ್ರಿ?"

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ನಮ್ಮ ಗಾಡಿಗಾಗಿ ಹುಟ್ಟಿದ ರಬ್ಬರು ತಾಲೂಕಿನ ಬಾವಿಗಳಲ್ಲೆಲ್ಲ ಗರಗರ ತಿರುಗುತ್ತಿದೆ, ಗಾಡಿ ನಮ್ಮ ಅಂಗಳದಲ್ಲಿ ನಿಂತಿದೆ. ನಾನು ಗೆದ್ದೆನೋ ಸೋತೆನೋ? ಇವರು ಗಾಡಿಯ ಮೂತಿ ಸವರಿ ಒಳಗೆ ಬಂದು, "ಸಾಕಾತು. ಮಾತು ಕೊಟ್ಟಂಗ ಮಿರಜಿಗೆ ಹೋಗೂಣು ನಡಿ" ಎಂದರು. ಕುಣಿಯಬೇಕಾದವಳು ಅಕ್ಕಿ ಆರಿಸುತ್ತ ಕೂತೆ.

ಅದೇ ವಾರ ಬೆಳುಂಕಿಯ ಬಾಯವ್ವ ಯಾರದೋ ಬಂಡಿ ಹತ್ತಿ ಬಂದಳು. ಕುರಿ ಕಾಯುವ ಮನೆತನದ ಹಣ್ಣು ಮುದುಕಿ. ಕೆಮ್ಮಿ ಕೆಮ್ಮಿ ಕಟ್ಟೆಯ ಮೇಲೆ ಕೂತವಳು ತನ್ನ ಜಡ್ಡಿನ ಮಾತೇ ಎತ್ತಲಿಲ್ಲ. ಗಾಡಿಯನ್ನೇ ನೋಡುತ್ತ, "ಯವ್ವಾ, ಇದಕ್ಕ ಯಾ ಔಷಧ ನಡಸೀರಿ? ಲಗೂನ ಆರಾಮ ಮಾಡ್ರಿ. ಇದರ ಸಪ್ಪಳ ಕೇಳಿದ್ರ ನನ್ನ ಅರ್ಧಾ ಕೆಮ್ಮು ನಿಲ್ಲತೈತಿ" ಎಂದಳು. ಒಳಗೆ ಹೋಗಿ ಅವಳಿಗೆ ಚಹಾ ಮಾಡಿ ತಂದೆ.

ಮರುದಿನ ಮಿರಜಿನಲ್ಲಿ ಮನೆ ನೋಡಿ ಬರಲೆಂದು, ಮಿರಜಿನ ಮೇಲೆ ಹಾದುಹೋಗುವ ಕೊಲ್ಲಾಪುರದ ಬಸ್ಸು ಹತ್ತಿದೆವು. ಕಂಡಕ್ಟರು ಬಂದಾಗ ಇವರು ಬಾಯಿ ತೆರೆಯುವ ಮೊದಲೇ ನಾನು, "ಕೊಲ್ಲಾಪುರ ಎರಡು" ಎಂದೆ. ಅದನ್ನು ನನ್ನ ಬಾಯಿ ಹೇಳಿತು, ನಾನಲ್ಲ. ಇವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಮಿರಜು ಬಂತು. ನಿಲ್ದಾಣದ ಪಕ್ಕದಲ್ಲೇ ಒಂದು ನಳದಿಂದ ನೀರು ಧೋ ಎಂದು ಸುರಿಯುತ್ತಿತ್ತು. ಇವರು ಅರ್ಧ ಎದ್ದು, "ಇನ್ನೂ ವ್ಯಾಳ್ಯಾ ಐತಿ. ಇಳಿಯೂಣೇನು?" ಎಂದರು.

"ಸುಮ್ಮ ಕುಂದ್ರಿ. ಶೇಟಜಿ ಕಡೆ ಹೋಗಿ ಆರು ತೂತಿಂದ ಮಾಡಿಸ್ಕೊಂಡು ಬರೂಣು. ಬೆಳುಂಕಿಯೊಳಗ ಬಾಯವ್ವ ಹಾದಿ ನೋಡಾಕತ್ತಾಳ" ಎಂದು ಗದರಿಸಿದೆ. ಬಸ್ಸು ಹೊರಟಿತು. ಆ ನಳ ಮರೆಯಾಗುವವರೆಗೂ ನಾನು ಕತ್ತು ತಿರುಗಿಸಿ ನೋಡುತ್ತಲೇ ಇದ್ದೆ.