ಬರೆದವರ ಹೆಸರನ್ನೂ ಓದಬೇಕು

ನಮ್ಮ ಸ್ಲೇಟ್ ಗ್ಯಾಪ್ ಊರಿಗೆ ಮೇಯರ್ ಇದ್ದಾನೆ, ಶೆರಿಫ್ ಇದ್ದಾನೆ, ಒಬ್ಬರ ಮುಖ ಒಬ್ಬರು ನೋಡದ ಮೂವರು ಬ್ಯಾಪ್ಟಿಸ್ಟ್ ಪಾದ್ರಿಗಳಿದ್ದಾರೆ. ಆದರೆ ಕಂಟ್ರಿ ಹಾಡಿನ ವಿಷಯ ಬಂದರೆ ಈ ಕೆಂಟಕಿಯ ಬೆಟ್ಟಗಳನ್ನೆಲ್ಲ ಆಳುತ್ತಿದ್ದವನು ವರ್ಲಿನ್ ಟಕೆಟ್ ಒಬ್ಬನೇ. ನನ್ನ ಕ್ಷೌರದಂಗಡಿಯ ಕಿಟಕಿ ಪಕ್ಕದ ಕುರ್ಚಿ ಅವನ ಸಿಂಹಾಸನ. ಮೂವತ್ತು ವರ್ಷ ಸ್ಕೂಲ್ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತನಾದವನು, ಎಂಜಿನ್ನಿಗೆ ಕೊಡುತ್ತಿದ್ದ ಕಿವಿಯನ್ನೇ ಹಾಡಿಗೂ ಕೊಟ್ಟ. ಎರಡು ಸಾಲು ಕೇಳಿದರೆ ಸಾಕು, ಎಲ್ಲಿ ಬೋಲ್ಟ್ ಸಡಿಲವಾಗಿದೆ ಎಂದು ಹೇಳುತ್ತಿದ್ದ.

"ಸ್ಟೀಲ್ ಗಿಟಾರ್ ಅಳ್ಲಿಲ್ಲ ಅಂದ್ರೆ ಅದು ಕಂಟ್ರಿ ಅಲ್ಲ ಕಣಯ್ಯಾ, ಟೂತ್‌ಪೇಸ್ಟ್ ಜಾಹೀರಾತು. ರೇಡಿಯೋದಲ್ಲಿ ಹಾಡ್ತಾನಲ್ಲ, ಇವನ ಹಾಡಲ್ಲಿ ನಾಲ್ಕು ಟ್ರಕ್ ಬರ್ತವೆ, ಕೈ ನೋಡಿದ್ರೆ ಉಗುರಲ್ಲಿ ಒಂದು ಚೂರು ಗ್ರೀಸ್ ಇಲ್ಲ."

ಪಿಜ್ಜಾ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಗಳಲ್ಲಿ ರೇಡಿಯೋ ನಡೆಸುವ ಡಾರ್ಸಿ, ಶನಿವಾರ ಬೆಳಿಗ್ಗೆ ಹತ್ತು ನಿಮಿಷ ವರ್ಲಿನ್‌ಗೆ ಬಿಟ್ಟುಕೊಟ್ಟಿದ್ದ. ಆ ಹತ್ತು ನಿಮಿಷ ಒಂದು ಗಂಟೆಯಾಗಬೇಕು, ಅದಕ್ಕೆ ತನ್ನ ಹೆಸರಿರಬೇಕು ಎಂಬುದು ವರ್ಲಿನ್‌ನ ಜೀವಮಾನದ ಆಸೆ. ಡಾರ್ಸಿ ಕಳೆದ ವಸಂತದಲ್ಲಿ ಮಾತು ಕೊಟ್ಟ: "ಈ ವರ್ಷದ ಹಾಡಿನ ಪ್ರಶಸ್ತಿ ಯಾವುದಕ್ಕೆ ಬರುತ್ತೆ ಅಂತ ಮೊದಲೇ ಸರಿಯಾಗಿ ಹೇಳು. ಗಂಟೆ ನಿಂದು."

ಕಂಟ್ರಿ ಹಾಡಿನ ರಾಜಧಾನಿ ನ್ಯಾಶ್‌ವಿಲ್‌ನಲ್ಲಿ ಪ್ರತಿ ನವೆಂಬರ್ ಕೊಡುವ ಆ ಹಾಡಿನ ಪ್ರಶಸ್ತಿ ಎಂದರೆ ಯಾವುದು ಎಂಬುದಕ್ಕೇ ವರ್ಲಿನ್ ಊರಲ್ಲಿ ಅರ್ಧ ಜನರ ಜತೆ ಜಗಳವಾಡಿದ್ದ. ಧ್ವನಿಮುದ್ರಣಕ್ಕೊಂದು ಪ್ರಶಸ್ತಿ, ಹಾಡಿಗೊಂದು ಪ್ರಶಸ್ತಿ. ಮೊದಲನೆಯದು ಹಾಡಿದವರಿಗೆ, ಎರಡನೆಯದು ಬರೆದವರಿಗೆ. "ಬರೆದವರ ಹೆಸರು ಹೇಳದೆ ಹಾಡು ಹಾಕೋದು, ತಾಯಿ ಹೆಸರು ಬಿಟ್ಟು ಮಗೂನ ಜನನ ಪತ್ರ ಬರೆದ ಹಾಗೆ" ಎಂದು ಡಾರ್ಸಿಯನ್ನು ಗದರಿಸುತ್ತಿದ್ದ. ಹಿಂದೆ ರೆಕಾರ್ಡಿನ ಲೇಬಲ್ ಮೇಲೆ ಆ ಹೆಸರುಗಳನ್ನು ಭೂತಗನ್ನಡಿ ಹಿಡಿದು ಓದಿದವನು ಅವನು. ಈಗ ಹಾಡು ಗಾಳಿಯಲ್ಲಿ ಬರುತ್ತದೆ. ಗಾಳಿಗೆ ಲೇಬಲ್ ಇಲ್ಲ.

ಹಾಗೆ ಗಾಳಿಯಲ್ಲಿ ಬಂದ ಒಂದು ಹಾಡನ್ನು ಅವನು ಬೇಸಿಗೆಯಿಡೀ ಅಟ್ಟಿಸಿಕೊಂಡು ಹೊಡೆದ. ಇಪ್ಪತ್ತರ ಹರೆಯದ ಹುಡುಗಿಯೊಬ್ಬಳು ಹಾಡಿದ್ದಳು. ಹಾಡಿನಲ್ಲಿ ಹೆಂಡತಿಯೊಬ್ಬಳು ಮನೆ ಬಿಟ್ಟು ಹೋಗುತ್ತಾಳೆ. ಅಷ್ಟು ವರ್ಷದ ಸಂಸಾರ ಒಂದೇ ಪೋಕ್‌ನಲ್ಲಿ ಹಿಡಿಸುತ್ತದೆ. ಕಾಗದದ ಚೀಲಕ್ಕೆ ನಮ್ಮ ಬೆಟ್ಟದವರಷ್ಟೇ ಪೋಕ್ ಅನ್ನುವುದು. ಗಂಡ ರೇಡಿಯೋದಿಂದ ತಲೆ ಎತ್ತದೆ ಹೇಳುತ್ತಾನೆ: ಬಾಗಿಲು ಹಾಕ್ಕೊಂಡು ಹೋಗು, ಹಾಡು ಇನ್ನೂ ಮುಗಿದಿಲ್ಲ.

"ನ್ಯಾಶ್‌ವಿಲ್‌ನಲ್ಲಿ ಹುಟ್ಟಿದೋರಿಗೆ ಪೋಕ್ ಅಂದ್ರೆ ಏನು ಗೊತ್ತು?" ಎಂದು ವರ್ಲಿನ್ ರೇಡಿಯೋದಲ್ಲಿ ಗುಡುಗಿದ. "ಯಾರೋ ನಮ್ಮ ಪದ ಕದ್ದವ್ರೆ. ಮತ್ತೆ ಆ ಗಂಡ! ಅಂಥ ಗಂಡಸು ಭೂಮಿ ಮೇಲೆ ಇಲ್ಲ. ಹೇಸರಗತ್ತೆ ಕೂಡ ಒಂದ್ಸಲ ಕತ್ತು ತಿರುಗಿಸಿ ನೋಡುತ್ತೆ."

ಅಂಗಡಿಯಲ್ಲಿ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವರು ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾಕೆಂದರೆ ಒಂಬತ್ತು ವರ್ಷದ ಹಿಂದೆ ಅದೇ ಸಿಂಹಾಸನದಲ್ಲಿ ಕೂತು ವರ್ಲಿನ್ ನಮಗೆ ಒಂದು ಜೋಕ್ ಹೇಳಿದ್ದ. "ಇವಲೀನ್ ಹೊರಟ್ಲು ಕಣ್ರೋ. ಬಾಗಿಲು ಹಾಕ್ಕೊಂಡು ಹೋಗು, ಹಾಡು ಮುಗಿದಿಲ್ಲ ಅಂದೆ." ನಾವೆಲ್ಲ ನಕ್ಕಿದ್ದೆವು. ಎಲ್ಲರಿಗಿಂತ ಜೋರಾಗಿ ನಾನು.

ಅವನ ಹೆಂಡತಿ ಇವಲೀನ್ ಚರ್ಚಿನ ಕಾರ್ಯಕ್ರಮ ಪಟ್ಟಿಗಳ ಬೆನ್ನಿಗೆ ಹಾಡು ಗೀಚುತ್ತಿದ್ದಳು. ವರ್ಲಿನ್ ಬಸ್ ತಪಾಸಣೆಯ ಕೆಂಪು ಪೆನ್ಸಿಲಿನಿಂದ ಅವನ್ನು ತಿದ್ದಿ ವಾಪಸ್ಸು ಕೊಡುತ್ತಿದ್ದ. "ಪ್ರಾಸ ಕೂಡಿಸೋದು ಬೇರೆ ಕಣೇ, ಹಾಡು ಬರೆಯೋದು ಬೇರೆ." ಅವಳು ನ್ಯಾಶ್‌ವಿಲ್‌ಗೆ ಹೋಗಿ ವೇದಿಕೆಯ ಬಟ್ಟೆ ಹೊಲಿಯುವ ಅಂಗಡಿ ಸೇರಿದಳೆಂದು ಅವಳ ತಂಗಿಯಿಂದ ತಿಳಿದಿತ್ತು. ಅಲ್ಲಿಂದಾಚೆಗೆ ಊಹಿಸಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಪೋಕ್ ಹಾಡು ಯಾರದೆಂದು ಊರಿಗೆಲ್ಲ ಅರ್ಥವಾಗಿತ್ತು, ವರ್ಲಿನ್ ಮಾತ್ರ ತನ್ನ ಜೋಕನ್ನು ಯಾವಾಗಲೋ ಮರೆತಿದ್ದ. ನಾನು ಹೇಳಬಹುದಿತ್ತು. ಆದರೆ ಪುಕ್ಕಟೆ ನಾಟಕದ ನಡುವೆ ಎದ್ದು ದೀಪ ಹಾಕುವ ಮನಸ್ಸು ಯಾರಿಗೂ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಪ್ರಶಸ್ತಿಯ ಸ್ಪರ್ಧೆಗೆ ಆಯ್ದ ಹಾಡುಗಳ ಪಟ್ಟಿ ಬಂತು. ಪಟ್ಟಿ ಓದುವ ಭಾಗ್ಯ ವರ್ಲಿನ್‌ನದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಹಡಿ ಹತ್ತಿದ. ನಾವು ಅಂಗಡಿಯಲ್ಲಿ ರೇಡಿಯೋ ಜೋರು ಮಾಡಿಕೊಂಡು ಕೂತೆವು.

"ಹಾಡಿನ ಹೆಸರು, ಹಾಡಿದವರ ಹೆಸರು ಓದಿಬಿಡು, ಹೊತ್ತಿಲ್ಲ" ಎಂದು ಡಾರ್ಸಿ ಅವಸರಿಸುವುದು ಕೇಳಿಸಿತು. ಅವನಿಗೂ ಗೊತ್ತಿತ್ತಲ್ಲ.

"ಲೋ ಡಾರ್ಸಿ, ಇದು ಬರೆದವರ ಪ್ರಶಸ್ತಿ. ಬರೆದವರ ಹೆಸರನ್ನೂ ಓದಬೇಕು. ಎಷ್ಟು ಸಲ ಹೇಳ್ಲಿ ನಿಂಗೆ?"

ಎರಡು ಹಾಡುಗಳನ್ನು ಓದಿದ, ಬರೆದವರ ಹೆಸರುಗಳನ್ನು ಬೈಬಲ್ಲಿನ ವಚನದಂತೆ ಬಿಡಿಸಿ ಬಿಡಿಸಿ ಹೇಳಿದ. ಮೂರನೆಯದು ಪೋಕ್ ಹಾಡು. "ಹೂಂ, ಇದೂ ಸೇರಿಕೊಂಡಿದೆ. ಕಾಲ ಕೆಟ್ಟೋಯ್ತು. ಬರೆದವರು ಮೂರು ಜನ..." ಎರಡು ಹೆಸರು ಓದಿದ. "ಮತ್ತೆ ಇವಲೀನ್..."

ಅವಳು ಮತ್ತೆ ಇಟ್ಟುಕೊಂಡಿದ್ದ ತವರಿನ ಮನೆತನದ ಹೆಸರು ಅವನ ಬಾಯಿಂದ ಹೊರಡಲಿಲ್ಲ. ಕೆಳಗಿನ ಪಿಜ್ಜಾ ಅಂಗಡಿಯಲ್ಲಿ ಯಾರೋ ಪಾತ್ರೆ ಬೀಳಿಸಿದ್ದು ರೇಡಿಯೋದಲ್ಲಿ ಕೇಳಿಸಿತು.

"ವರ್ಲಿನ್," ಡಾರ್ಸಿ ಮೆತ್ತಗೆ ಕೇಳಿದ, "ನಿನ್ನ ತೀರ್ಪು?"

ಆ ಕ್ಷಣದಲ್ಲಿ ಅವನ ಮುಂದೆ ಎರಡು ದಾರಿ ಇದ್ದವು. ಆ ಹಾಡು ಗೆಲ್ಲುತ್ತದೆಂದು ಅವನ ಕಿವಿಗೆ ಗೊತ್ತಿತ್ತೆಂದು ಈಗಲೂ ನಾನು ಆಣೆ ಮಾಡುತ್ತೇನೆ. ಅಷ್ಟು ತಿಂಗಳು ಅದನ್ನು ಬೈದದ್ದೇ ಅದಕ್ಕೆ ಸಾಕ್ಷಿ, ಕೆಟ್ಟ ಹಾಡಿಗೆ ಅವನು ಎರಡನೇ ವಾರ ಕೊಟ್ಟವನೇ ಅಲ್ಲ. ಗೆಲ್ಲುತ್ತೆ ಎಂದಿದ್ದರೆ ಒಂದು ಗಂಟೆ ಅವನದಾಗುತ್ತಿತ್ತು.

"ಮೂರನೇ ಸಾಲಲ್ಲಿ ಪ್ರಾಸ ತಪ್ಪಿದೆ" ಎಂದ. "ಇದು ಗೆಲ್ಲಲ್ಲ."

ಗೆದ್ದಿತು. ನವೆಂಬರಿನ ಆ ಸಂಜೆ ಅಗ್ನಿಶಾಮಕ ಸ್ವಯಂಸೇವಕರ ಶೆಡ್ಡಿನಲ್ಲಿ ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ಡು ತಿನ್ನುತ್ತ ಊರೆಲ್ಲ ಟಿವಿಯಲ್ಲಿ ಪ್ರಶಸ್ತಿ ಸಮಾರಂಭ ನೋಡಿತು. ವರ್ಲಿನ್ ಹಿಂದಿನ ಸಾಲಿನಲ್ಲಿ ತಟ್ಟೆ ಮುಟ್ಟದೆ ಕೂತಿದ್ದ. ತಾನೇ ಹೊಲಿದಂತಿದ್ದ ನೀಲಿ ಉಡುಪಿನಲ್ಲಿ ಇವಲೀನ್ ವೇದಿಕೆಗೆ ಬಂದಳು, ಜತೆಗೆ ಬರೆದ ಇಬ್ಬರಿಗೆ, ಹೊಲಿಗೆ ಅಂಗಡಿಯ ಯಜಮಾನಿಗೆ, ತಂಗಿಗೆ ವಂದನೆ ಹೇಳಿದಳು, ಹೋದಳು. ಬೈಗುಳದಲ್ಲಾದರೂ ತನ್ನ ಹೆಸರು ಬಂದೀತೆಂದು ವರ್ಲಿನ್ ಮುಂದಕ್ಕೆ ಬಾಗಿದ್ದನ್ನು ನಾನು ನೋಡಿದೆ. ಬರಲಿಲ್ಲ.

ಡಾರ್ಸಿ ಶನಿವಾರದ ಗಂಟೆಯನ್ನು ಹಳೇ ಸಾಮಾನು ಕೊಡು-ಕೊಳ್ಳುವವರ ಕಾರ್ಯಕ್ರಮಕ್ಕೆ ಕೊಟ್ಟ. ಹತ್ತು ನಿಮಿಷವೂ ಅದರಲ್ಲೇ ಕರಗಿತು.

ವರ್ಲಿನ್ ಈಗಲೂ ಬರುತ್ತಾನೆ. ಹಾಡುಗಳ ಬಗ್ಗೆ ಏನೂ ಹೇಳುವುದಿಲ್ಲ. ಕಳೆದ ವಾರ ಅವನ ಕುತ್ತಿಗೆಯ ಕೂದಲು ಕತ್ತರಿಸುತ್ತಿದ್ದಾಗ ರೇಡಿಯೋದಲ್ಲಿ ಪೋಕ್ ಹಾಡು ಬಂತು. ಇದ್ದವರೆಲ್ಲ ನೆಲ ನೋಡಿದರು. ನಾನು ಕತ್ತರಿ ಇಟ್ಟು ರೇಡಿಯೋ ಆರಿಸಲು ಕೈ ಚಾಚಿದೆ.

"ಇರ್ಲಿ ಬಿಡೋ" ಎಂದ ವರ್ಲಿನ್. "ಹಾಡು ಇನ್ನೂ ಮುಗಿದಿಲ್ಲ."

ಹೇಳಿದ ಮೇಲೆ ಅವನಿಗೆ ತನ್ನದೇ ಹಳೆಯ ಮಾತು ಕೇಳಿಸಿತು. ಕನ್ನಡಿಯಲ್ಲಿ ನನ್ನನ್ನು ನೋಡಿದ, ನಾನು ನಗುತ್ತೇನೆಯೇ ಎಂದು. ಒಂಬತ್ತು ವರ್ಷದ ಹಿಂದಿನ ನಗು ನನ್ನ ಹತ್ತಿರ ಉಳಿದಿರಲಿಲ್ಲ. ಹಾಡು ಮುಗಿಯುವ ತನಕ ನಾನು ಕೂದಲಿಲ್ಲದ ಕಡೆಯೂ ಕತ್ತರಿ ಆಡಿಸುತ್ತ ನಿಂತೆ.