ಗುರುವಾರದ ಮದುವೆಯ ಬಟ್ಟೆ

2005ರ ಅಕ್ಟೋಬರ್‌ನ ಒಂದು ಶುಕ್ರವಾರ ಬೆಳಿಗ್ಗೆ ಡಾಲಸ್‌ನಿಂದ ಹ್ಯೂಸ್ಟನ್‌ಗೆ ಬಸ್ಸಿನಲ್ಲಿ ಹೊರಟೆ. ನನ್ನ ದಿನಚರಿಯಲ್ಲಿ ಏಳೂವರೆ ಎಂದಿದೆ, ಟಿಕೆಟ್ಟಿನಲ್ಲಿ ಏಳೂಮುಕ್ಕಾಲು. ಟಿಕೆಟ್ಟನ್ನೇ ನಂಬುತ್ತೇನೆ. ದರ ಮೂವತ್ತೈದು ಡಾಲರ್, ದೂರ ಸುಮಾರು ಇನ್ನೂರ ನಲವತ್ತು ಮೈಲಿ.

ನೀಲಿ ಬಣ್ಣಗಾರಿಕೆಯ ಬಗೆಗೆ ಟಿಪ್ಪಣಿ ಮಾಡಿಕೊಳ್ಳಲು ನಿವೃತ್ತಿಯ ನಂತರ ಮೂರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬಂದವಳು, ಡಾಲಸ್ ಪಕ್ಕದ ಪ್ಲೇನೋದಲ್ಲಿ ಹುಬ್ಬಳ್ಳಿಯ ಸುನಂದಾ ಅವರ ಮನೆಯ ಒಂದು ಕೋಣೆಯಲ್ಲಿದ್ದೆ. ಅವರು ಲಾಸ್ ಕೊಲಿನಾಸ್‌ಗೆ ಕೆಲಸಕ್ಕೆ ಹೋದ ಮೇಲೆ ಆ ಮನೆಯಲ್ಲಿ ಮಾತಾಡುತ್ತಿದ್ದುದು ಫೋನಿನ ಉತ್ತರಯಂತ್ರ ಮಾತ್ರ. "ಒಬ್ರ ಬಸ್ಸಿನ್ಯಾಗ ಹೊಂಟೀರೇನ್ರಿ ಮೇಡಂ? ಇಲ್ಲಿ ಬಸ್ಸಿನ್ಯಾಗ ಯಾರೂ ಅಡ್ಡಾಡಂಗಿಲ್ರಿ. ನಾಳೆ ಆಗಿದ್ರ ನಾನ ಡ್ರೈವ್ ಮಾಡ್ತಿದ್ದೆ" ಎಂದು ಅವರು ಅವಲಕ್ಕಿಯ ಡಬ್ಬಿ ಕೊಟ್ಟರು.

ನನ್ನ ಕೈಯಲ್ಲಿ ಒಂದು ಬಟ್ಟೆಯ ಗಂಟೂ ಇತ್ತು. ನೈಜೀರಿಯಾದವರು ಮದುವೆಗೋ ಸಾವಿಗೋ ಬಂಧುಬಳಗವೆಲ್ಲ ಒಂದೇ ಬಟ್ಟೆ ಉಡುತ್ತಾರೆ. ಅದನ್ನು ಅಸೊ ಎಬಿ ಎನ್ನುತ್ತಾರೆ. ಹಾಗೆ ಒಮ್ಮೆ ಉಟ್ಟು ಪೆಟ್ಟಿಗೆಗೆ ಸೇರಿದ ಬಟ್ಟೆಗಳನ್ನು ಡಾಲಸ್‌ನಲ್ಲಿ ತಲೆಗೂದಲು ಹೆಣೆಯುವ ಅಂಗಡಿಯ ಗ್ರೇಸ್ ಕೇಳಿ ಪಡೆಯುತ್ತಿದ್ದಳು. ಹ್ಯೂಸ್ಟನ್‌ನಲ್ಲಿ ಅವಳ ಪಾಲುದಾರಳಾದ ಫೊಲಾಕೆ ಅವುಗಳಿಂದ ಜಾಕೆಟ್ ಹೊಲಿಯುತ್ತಿದ್ದಳು. ಈ ಗಂಟು ಅವಳಿಗೆ ತಲುಪಿಸಲೆಂದು ಗ್ರೇಸ್ ಕೊಟ್ಟದ್ದು. ಹೊಸ ಬಟ್ಟೆ ಕೊಳ್ಳಬಾರದೆಂಬುದು ಇಬ್ಬರ ನಿಯಮ. ಪ್ರತಿ ಜಾಕೆಟ್ಟಿಗೂ ಬಟ್ಟೆ ಯಾವ ಸಮಾರಂಭದ್ದು, ಯಾವ ದಿನದ್ದು ಎಂಬ ಚೀಟಿ ಇರುತ್ತಿತ್ತು.

ಹ್ಯೂಸ್ಟನ್ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಅಕ್ಟೋಬರ್ ಆದರೂ ಒದ್ದೆ ಕಂಬಳಿ ಹೊದೆಸಿದಂಥ ಸೆಕೆ. ಫೊಲಾಕೆಗೆ ಐವತ್ತರ ಆಸುಪಾಸು. ಕಾರು ಶೆಡ್ಡಿನಲ್ಲಿ ಎರಡು ಹೊಲಿಗೆ ಯಂತ್ರಗಳು. ಕರಿದ ಬಾಳೆಕಾಯಿ ಮುಂದಿಟ್ಟು, "ತಿನ್ನಿ ಆಂಟಿ, ನಿಮ್ಮನ್ನು ನೋಡಿದರೆ ಟೆಕ್ಸಸ್ ಊಟವನ್ನೇ ಹಾಕಿಲ್ಲ ಅನಿಸುತ್ತೆ" ಎಂದಳು. ಮಾರನೆಯ ದಿನ ಆಸ್ಟಿನ್‌ನ ಒಂದು ಅಂಗಡಿಗೆ ಒಂದೇ ಬಟ್ಟೆಯ ನಾಲ್ಕು ಜಾಕೆಟ್ ಒಪ್ಪಿಸಬೇಕಿತ್ತು. ಆ ಅಂಗಡಿಯ ಗಾಜಿನ ಕಿಟಕಿಯಲ್ಲಿ ಜಾಗ ಸಿಗಲೆಂದು ಇಬ್ಬರೂ ಎರಡು ವರ್ಷ ಕಾದಿದ್ದರು.

ಗಂಟಿನಲ್ಲಿದ್ದುದು ಬಣ್ಣ ಹತ್ತದಂತೆ ಮರಗೆಣಸಿನ ಗಂಜಿಯಿಂದ ಹಕ್ಕಿಗಳನ್ನು ಬರೆದು ನೀಲಿಯಲ್ಲಿ ಅದ್ದಿದ ಹನ್ನೆರಡು ಗಜ ಬಟ್ಟೆ, ಫೊಲಾಕೆಯ ನಾಡಿನಲ್ಲಿ ಮನೆಮನೆಯಲ್ಲೂ ಇರುವಂಥದ್ದು. ಅವಳು ಮೊದಲ ತೋಳನ್ನು ಕತ್ತರಿಸುತ್ತಿದ್ದಾಗ ನಾನು ಗ್ರೇಸ್ ಬರೆದ ಚೀಟಿ ಓದಿದೆ: ಮದುವೆ, ಜುಲೈ 8, 2004. ತಾರೀಖು ಕಂಡರೆ ವಾರ ಎಣಿಸುವುದು ನನ್ನ ಹಳೆಯ ಅಭ್ಯಾಸ. ಲೆಕ್ಕ ಹಾಕಿದರೆ ಗುರುವಾರ.

"ನಿಮ್ಮಲ್ಲಿ ಗುರುವಾರ ಮದುವೆ ಮಾಡುತ್ತಾರೆಯೇ?"

"ಗುರುವಾರವೇ? ಶನಿವಾರ ಬಿಟ್ಟರೆ ಊಟಕ್ಕೆ ಯಾರು ಬರುತ್ತಾರೆ?" ಎಂದು ನಕ್ಕಳು.

ಚೀಟಿಯ ಹಿಂದೆ, ಬಟ್ಟೆ ಕೊಟ್ಟವರ ಕೈಬರಹದಲ್ಲಿ 7-8-2004 ಎಂದಷ್ಟೇ ಇತ್ತು. ಅಮೆರಿಕದಲ್ಲಿ ಬೆಳೆದ ಗ್ರೇಸ್ ತಿಂಗಳನ್ನು ಮೊದಲು ಓದಿದ್ದಳು. ಮದುವೆ ಎಂಬುದು ಅವಳ ಊಹೆ. ಬರೆದವರು ನಮ್ಮಂತೆ ದಿನವನ್ನು ಮೊದಲು ಬರೆದಿದ್ದರು. "ಹಾಗಾದರೆ ಆಗಸ್ಟ್ ಏಳು. ಅಂದು ಶನಿವಾರವೇ" ಎಂದೆ, ಒಗಟು ಬಿಡಿಸಿದ ಹಿಗ್ಗಿನಲ್ಲಿ.

ಫೊಲಾಕೆ ಕತ್ತರಿ ಕೆಳಗಿಟ್ಟಳು. ಒಳಗಿನಿಂದ ಒಂದು ಫೋಟೊ ತಂದು ಬಟ್ಟೆಯ ಪಕ್ಕದಲ್ಲಿ ಹಿಡಿದಳು. ನೈಜೀರಿಯಾದ ಅಬೆಯೊಕುಟಾದಲ್ಲಿ ಅದೇ ಆಗಸ್ಟ್ ಏಳರಂದು ನಡೆದ ಅವಳ ತಾಯಿಯ ಶವಸಂಸ್ಕಾರದ ಚಿತ್ರ. ಸಾಲಾಗಿ ನಿಂತವರೆಲ್ಲರ ಮೈಮೇಲೂ ಇವೇ ಹಕ್ಕಿಗಳು. ಅಮೆರಿಕದಲ್ಲಿ ವಾಸದ ಕಾಗದಪತ್ರ ಬಾಕಿಯಿದ್ದುದರಿಂದ ಅವಳು ಹೋಗಿರಲಿಲ್ಲ. ಅಕ್ಕ ಅಂಚೆಯಲ್ಲಿ ಕಳಿಸಿದ ಅವಳ ಪಾಲಿನ ಬಟ್ಟೆಯೂ ತಲುಪಿರಲಿಲ್ಲ.

"ಡಾಲಸ್‌ನಿಂದ ಯಾರೋ ಹೋಗಿ ಬಂದಿದ್ದಾರೆ" ಎಂದಳು. "ನಾನು ಹೋಗಲಿಲ್ಲ."

ಗ್ರೇಸ್‌ಗೆ ಫೋನ್ ಮಾಡಿ, ಈ ಬಟ್ಟೆಯನ್ನು ಇನ್ನು ಕತ್ತರಿಸುವುದಿಲ್ಲ ಎಂದಳು. ಸ್ಪೀಕರಿನಲ್ಲಿ ಗ್ರೇಸ್, "ಅರ್ಥವಾಗುತ್ತೆ ಅಕ್ಕಾ. ಆದರೆ ಕಿಟಕಿ ಹೋಗುತ್ತೆ" ಎಂದಳು.

"ಹೋಗಲಿ."

ನಾನು ವಾರ ಎಣಿಸದೆ ಇದ್ದಿದ್ದರೆ ಸಂಜೆಯೊಳಗೆ ಜಾಕೆಟ್ಟುಗಳು ಸಿದ್ಧವಾಗುತ್ತಿದ್ದವು. ಹಾಗೆಂದು ಕ್ಷಮೆ ಕೇಳಿದೆ. ಅವಳು ಎರಡು ಗಜ ಅಳೆದು ಬೇರೆ ಮಾಡಿ ನನ್ನ ತೊಡೆಯ ಮೇಲಿಟ್ಟಳು. "ಇದನ್ನು ಒಬ್ಬಳೇ ಉಟ್ಟರೆ ಬರೀ ಬಟ್ಟೆ. ನಾಳೆ ನೀವೂ ಹಾಕಿಕೊಳ್ಳಿ."

ಶನಿವಾರ ಅವಳ ವ್ಯಾನಿನಲ್ಲಿ ನೂರ ಅರವತ್ತು ಚಿಲ್ಲರೆ ಮೈಲಿ ಕ್ರಮಿಸಿ ಆಸ್ಟಿನ್ ಸೇರಿದೆವು. ಅವಳು ನೀಲಿಯನ್ನು ಸೊಂಟಕ್ಕೆ ಸುತ್ತಿದ್ದಳು. ನಾನು ಸೀರೆಯ ಮೇಲೆ ಹೊದ್ದಿದ್ದೆ. ಅಂಗಡಿಯಾಕೆ ನಮ್ಮಿಬ್ಬರನ್ನೂ ನೋಡಿ, "ಇದೇ, ಇದೇ ನನಗೆ ಬೇಕಾದದ್ದು" ಎಂದಳು.

"ಇದು ಮಾರಾಟಕ್ಕಿಲ್ಲ. ಬೇರೆ ಬೇರೆ ಬಟ್ಟೆಯ ನಾಲ್ಕು ಜಾಕೆಟ್ ತಂದಿದ್ದೇನೆ" ಎಂದಳು ಫೊಲಾಕೆ.

"ಹಾಗಾದರೆ ಕಿಟಕಿ ಬೇರೆಯವರಿಗೆ ಕೊಡುತ್ತೇನೆ" ಎಂದಳು ಆಕೆ ಸೌಜನ್ಯದಿಂದಲೇ. ಆಮೇಲೆ ನನ್ನ ಕಡೆ ತಿರುಗಿ, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದಳು.

ನನಗಿಂತ ಮೊದಲು ಫೊಲಾಕೆ ಹೇಳಿದಳು: "ಅಮ್ಮನ ಕಡೆಯವರು."

ಮಧ್ಯಾಹ್ನ ಡಾಲಸ್ ಬಸ್ಸಿಗೆ ನನ್ನನ್ನು ಹತ್ತಿಸಿ ಅವಳು ನಿಲ್ದಾಣದ ಬಿಸಿಲಿನಲ್ಲಿ ನಿಂತಳು. ಅವಳ ಸುತ್ತ ಸೂಟ್‌ಕೇಸುಗಳನ್ನು ಎಳೆಯುವ ಜನ. ಬಸ್ಸು ತಿರುಗುವವರೆಗೂ ಆ ನೀಲಿ ಕಾಣುತ್ತಿತ್ತು. ಆಮೇಲೆ ಬಸ್ಸಿನೊಳಗೆ ಆ ಬಟ್ಟೆ ಹೊದ್ದವಳು ನಾನೊಬ್ಬಳೇ.